ಜೋಕಾಲಿಯ ಜೀಕೂ ಚಂದ್ರನ ದಾರಿಯೂ

ಮಾರತ್ತಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸುವ ಓದುಗರೊಬ್ಬರು, ವರ್ತಮಾನಪತ್ರಿಕೆಯ ವಿಜ್ಞಾನವಾರ್ತೆಯನ್ನು ತರಗತಿಗೆ ಒಯ್ದರೆ ಮಕ್ಕಳು ಚಪ್ಪಾಳೆ ತಟ್ಟುವರೇ ಹೊರತು ಪಾಠ ಮುಂದೆ ಸಾಗದೆಂದೂ, ಹೀಗಿರಲು ಅದರಿಂದ ಪ್ರಯೋಜನವೇನೆಂದೂ ಕೇಳಿದ್ದಾರೆ. ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಇಸ್ರೋದ ಆವರಣವನ್ನು ಮಗ್ಗುಲಲ್ಲಿಯೇ ಇರಿಸಿಕೊಂಡಿರುವ ಊರಿನಿಂದ ಬಂದ ಪ್ರಶ್ನೆಗೆ ಚಂದ್ರಯಾನ-3ರ ವಾರ್ತೆಯಿಂದಲೇ ಉತ್ತರ ಹೇಳುವುದು ಉಚಿತವಷ್ಟೆ.

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ನೌಕೆ ಚಂದ್ರನ ನೆಲವನ್ನು ಮುಟ್ಟಿದಾಗ ದೂರದರ್ಶನ ವಾಹಿನಿಗಳು ಎಬ್ಬಿಸಿದ ಕೋಲಾಹಲದಲ್ಲಿ ಪಾಠಕ್ಕೆ ಒದಗುವ ಅಂಶ ಅತ್ಯಲ್ಪ. ಅದು ಕಥೆಯ ಮಂಗಳ ಮಾತ್ರ. ಪಾಠವಿದ್ದುದು ಅದಕ್ಕೆ ಒಂದು ತಿಂಗಳ ಹಿಂದೆ ಇಸ್ರೋ ಪ್ರಕಟಿಸುತ್ತಿದ್ದ ಒಣ ಅಂಕಿಗಳಲ್ಲಿ. ಜುಲೈ 14ರಂದು ಮೇಲೇರಿ ಭೂಮಿಯನ್ನು ಅಂಡಾಕಾರದ ಪಥದಲ್ಲಿ ಸುತ್ತುತ್ತಿದ್ದ ನೌಕೆಯ ಸಮೀಪಬಿಂದು 15ರಂದು ನೆಲದಿಂದ 173 ಕಿಲೋಮೀಟರ್, ದೂರಬಿಂದು 41,762 ಕಿಲೋಮೀಟರ್. 17ರಂದು 226, 41,603. 18ರಂದು 228, 51,400. 20ರಂದು 233, 71,351. 25ರಂದು 236, 1,27,603. ಇವನ್ನು ಕರಿಹಲಗೆಯ ಮೇಲೆ ಎರಡು ಸಾಲಾಗಿ ಬರೆದು ಉಪಾಧ್ಯಾಯರು ಸುಮ್ಮನೆ ನಿಂತರೆ ಸಾಕು. ಒಂದು ಸಾಲು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರಲು ಇನ್ನೊಂದೇಕೆ ಮುಗಿಲಿಗೆ ಜಿಗಿಯಿತೆಂದು ಯಾವುದಾದರೊಂದು ಮಗು ಕೇಳಿಯೇ ಕೇಳುವುದು.

ಉತ್ತರ ಕರ್ನಾಟಕದ ಕಡೆಯಿಂದ ಬಂದ ಮಕ್ಕಳಿದ್ದರೆ ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಆ ವರ್ಷ ನಾಗರಪಂಚಮಿ ಬಂದುದು ನೌಕೆ ಇಳಿಯುವ ಎರಡೇ ದಿನ ಮುಂಚೆ, ಆಗಸ್ಟ್ 21ರಂದು. ಪಂಚಮಿಯೆಂದರೆ ಆ ಸೀಮೆಯಲ್ಲಿ ಮರಕ್ಕೆ ಹಗ್ಗ ಕಟ್ಟಿ ಜೀಕುವ ಜೋಕಾಲಿಯ ಹಬ್ಬ. ಜೋಕಾಲಿಯನ್ನು ಒಂದೇ ನೂಕಿಗೆ ಕೊಂಬೆಯೆತ್ತರಕ್ಕೆ ಏರಿಸಬೇಕಾದರೆ ಜಟ್ಟಿಯೇ ಬೇಕು. ಆದರೆ ಪ್ರತಿ ಸುತ್ತಿನಲ್ಲಿಯೂ ಅದು ಕೈಗೆ ಎಟಕುವ ಹೊತ್ತನ್ನು ಕಾದು, ಅದು ಹೋಗುವ ದಿಕ್ಕಿಗೇ ಮೆಲ್ಲನೆ ನೂಕುತ್ತಿದ್ದರೆ ಪುಟ್ಟ ತಂಗಿಯೂ ಅಣ್ಣನನ್ನು ಎತ್ತರಕ್ಕೆ ಕಳುಹಬಲ್ಲಳು. ನಮ್ಮ ನೌಕೆಯ ಎಂಜಿನ್ ಆ ತಂಗಿಯಂತೆ: ನೌಕೆ ಭೂಮಿಗೆ ಸಮೀಪ ಬರುವ ಹೊತ್ತನ್ನು ಕಾದು ನೂಕುತ್ತದೆ. ಭೂಮಿಗೆ ಸಮೀಪವಿದ್ದಾಗ ನೌಕೆಯ ವೇಗ ಅತ್ಯಧಿಕವೆಂಬುದು ಕೆಪ್ಲರನ ಕಾಲದಿಂದಲೂ ತಿಳಿದ ವಿಷಯ. ಕೆಲಸವೆಂದರೆ ಬಲವನ್ನು ದೂರದಿಂದ ಗುಣಿಸಿದ್ದೆಂದು ಪಠ್ಯಪುಸ್ತಕವೇ ಹೇಳುವುದಷ್ಟೆ. ವೇಗವಾಗಿ ಓಡುವ ನೌಕೆ ಅಷ್ಟೇ ಸೆಕೆಂಡುಗಳಲ್ಲಿ ಹೆಚ್ಚು ದೂರವನ್ನು ಕ್ರಮಿಸುವುದರಿಂದ, ಅದೇ ಇಂಧನ ಅಲ್ಲಿ ನೌಕೆಗೆ ಅಧಿಕ ಶಕ್ತಿಯನ್ನು ಕೊಡುತ್ತದೆ. ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬನಾದ ಹರ್ಮನ್ ಓಬರ್ಟನ ಹೆಸರು ಈ ತತ್ತ್ವಕ್ಕೆ ಅಂಟಿಕೊಂಡಿದೆ.

1969ರಲ್ಲಿ ಅಪೊಲೊ-11 ನಾಲ್ಕು ದಿನಗಳಲ್ಲಿ ಚಂದ್ರನ ಮೇಲಿಳಿದಿರಲು ನಮಗೇಕೆ ನಲವತ್ತು ದಿನ ಹಿಡಿಯಿತೆಂದು ಹಂಗಿಸಿದವರಿಗೂ ಇಲ್ಲಿಯೇ ಸಮಾಧಾನವುಂಟು. ಅವರ ಸ್ಯಾಟರ್ನ್-5 ರಾಕೆಟ್ ಸುಮಾರು 2,900 ಟನ್ನಿನ ಜಟ್ಟಿ. ನಮ್ಮ ಎಲ್‌ವಿಎಂ-3 ಸುಮಾರು 640 ಟನ್ನಿನದು. ನೌಕೆಯಲ್ಲಿ ಮನುಷ್ಯರಿದ್ದರೆ ಆಹಾರಪಾನಗಳ ಅವಸರವುಂಟು. ಯಂತ್ರಕ್ಕೆ ತಾಳ್ಮೆಯೇ ಮಿತವ್ಯಯ.

ಆದರೂ ಹಲಗೆಯ ಮೇಲೆ 17ರ ಜೋಡಿಯೊಂದು ಉಳಿದ ನಾಲ್ಕರ ಜತೆ ಸೇರದೆ ನಿಂತಿದೆ: ಅಂದು ದೂರಬಿಂದು ಏರಲಿಲ್ಲ, ಸಮೀಪಬಿಂದುವೇ 173ರಿಂದ 226ಕ್ಕೆ ಏರಿತು. ಜೋಕಾಲಿಯ ಉಪಮೆ ಇಲ್ಲಿ ಸೋಲುತ್ತದೆ. ಅದು ಸೋಲುವುದೇ ಪಾಠದ ಉತ್ತಮಾಂಶ. ಪಥದ ಒಂದು ತುದಿಯಲ್ಲಿ ನೂಕಿದರೆ ಬದಲಾಗುವುದು ಇದಿರು ತುದಿಯಾದ್ದರಿಂದ, ಅಂದು ಎಂಜಿನ್ ಉರಿದುದು ನೌಕೆ ಭೂಮಿಯಿಂದ ಅತ್ಯಂತ ದೂರವಿದ್ದಾಗ ಎಂದು, ಯಾರೂ ಹೇಳದೆಯೇ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಅಂಕಿಗಳಿಂದಲೇ ಊಹಿಸಬಲ್ಲಳು. ಅವಳು ಹಾಗೆ ಊಹಿಸಿದ ದಿನ, ಓದುಗರೇ, ನಿಮ್ಮ ಪಾಠ ಹಿಂದೆ ಬಿದ್ದಿತೆಂದು ಯಾರು ಹೇಳಿಯಾರು?