ಬಿ ಫಾರಂ ಇಲ್ಲದ ಪಕ್ಷಗಳು: ಅಮೆರಿಕದ ಪ್ರೈಮರಿಯಲ್ಲಿ ಹೊರಗಿನವರು ಗೆಲ್ಲುವುದು ಹೇಗೆ?

ಚುನಾವಣೆ ಹತ್ತಿರ ಬಂತೆಂದರೆ ನಮ್ಮಲ್ಲಿ ಟಿಕೆಟ್ ಆಕಾಂಕ್ಷಿಗಳು ದೆಹಲಿ ವಿಮಾನ ಹತ್ತುತ್ತಾರೆ. ಎಷ್ಟೇ ಜನಬಲ ಇರಲಿ, ಬಿ ಫಾರಂ ಕೈಗೆ ಬರುವ ತನಕ ನೆಮ್ಮದಿ ಇಲ್ಲ. ಹೈಕಮಾಂಡ್ ಬೇಡ ಎಂದರೆ ಬಂಡಾಯ ಏಳಬಹುದೇ ಹೊರತು ಪಕ್ಷದ ಚಿಹ್ನೆ ಸಿಗುವುದಿಲ್ಲ. ಈ ಲೆಕ್ಕದಲ್ಲಿ ನೋಡುವವರಿಗೆ 2016ರ ಅಮೆರಿಕ ಅರ್ಥವೇ ಆಗುವುದಿಲ್ಲ. ರಿಪಬ್ಲಿಕನ್ ಪಕ್ಷದ ಘಟಾನುಘಟಿಗಳಲ್ಲಿ ಅನೇಕರು ಬೇಡವೆಂದರೂ ಡೊನಾಲ್ಡ್ ಟ್ರಂಪ್ ಅದೇ ಪಕ್ಷದ ಅಭ್ಯರ್ಥಿಯಾದರು. ಟಿಕೆಟ್ ಕೊಡದಿದ್ದರೆ ಮುಗಿಯುತ್ತಿತ್ತಲ್ಲ? ಇಲ್ಲ, ಅಲ್ಲಿ ಟಿಕೆಟ್ ಕೊಡುವ ಕೈ ಪಕ್ಷದ ಕಚೇರಿಯಲ್ಲಿ ಇಲ್ಲ.

ಟಿಕೆಟ್ ಹಂಚುವವರು ಮತದಾರರು

ಪ್ರೈಮರಿ ಎಂದರೆ ಚುನಾವಣೆಗೆ ಮುಂಚಿನ ಚುನಾವಣೆ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನರೇ ಮತ ಹಾಕಿ ಹೇಳುತ್ತಾರೆ. ಬಹುಪಾಲು ಕಡೆ ಇದನ್ನು ನಡೆಸುವುದು ರಾಜ್ಯ ಸರ್ಕಾರ. ಅಯೋವಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಪಕ್ಷವೇ ಕಾಕಸ್ ಎಂಬ ಸಭೆಗಳನ್ನು ಕರೆಯುತ್ತದೆ. ಕೆಲವು ರಾಜ್ಯಗಳಲ್ಲಿ ಯಾವ ಮತದಾರನಾದರೂ ಯಾವ ಪಕ್ಷದ ಪ್ರೈಮರಿಯಲ್ಲಾದರೂ ಮತ ಹಾಕಬಹುದು. ಇನ್ನು ಕೆಲವೆಡೆ ಆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ. ನ್ಯೂಯಾರ್ಕ್ ಎರಡನೆಯ ಬಗೆಯದು, ಅದರಲ್ಲೂ ಬಲು ಬಿಗಿ. 2016ರ ಏಪ್ರಿಲ್‌ನಲ್ಲಿ ನಡೆದ ಪ್ರೈಮರಿಗೆ ಪಕ್ಷ ಬದಲಿಸಿಕೊಳ್ಳುವ ಗಡುವು ಅದರ ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಗಡುವು ತಪ್ಪಿಸಿಕೊಂಡ ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್‌ಗೆ ಸ್ವಂತ ಅಪ್ಪನಿಗೇ ಮತ ಹಾಕಲಾಗಲಿಲ್ಲ.

ಮತದಾರನಿಗೆ ಇಷ್ಟು ಕಟ್ಟುಪಾಡು. ಅಭ್ಯರ್ಥಿಗಾದರೋ ಬಾಗಿಲು ಹಾರುಹೊಡೆದಿದೆ. ಟ್ರಂಪ್ ಒಂದು ಕಾಲಕ್ಕೆ ಡೆಮಾಕ್ರಟ್ ಆಗಿ ನೋಂದಾಯಿಸಿಕೊಂಡಿದ್ದವರು. ಸೆನೆಟ್‌ಗೆ ಪಕ್ಷೇತರರಾಗಿ ಗೆದ್ದ ಬರ್ನಿ ಸ್ಯಾಂಡರ್ಸ್ 2016 ಮತ್ತು 2020ರಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ ಇಳಿದರು. ಎರಡೂ ಸಲ ಪಕ್ಷ ಅವರನ್ನು ಬಾಗಿಲಲ್ಲೇ ತಡೆಯಲಿಲ್ಲ.

ಮೊದಲು ಹೀಗಿರಲಿಲ್ಲ

1968ರ ತನಕ ಅಲ್ಲೂ ಹೈಕಮಾಂಡ್ ಇತ್ತು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ, ಪಕ್ಷದ ಮುಖಂಡರ ಬಲದಿಂದ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅಭ್ಯರ್ಥಿಯನ್ನು ಘೋಷಿಸುವ ಪಕ್ಷದ ಸಮಾವೇಶ ನಡೆಯುತ್ತಿದ್ದ ಶಿಕಾಗೊ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಪೊಲೀಸರು ಲಾಠಿ ಬೀಸುತ್ತಿದ್ದರು. ಹಂಫ್ರಿ ಸೋತ ಮೇಲೆ ಪಕ್ಷ ನಿಯಮ ತಿದ್ದಿ ಆಯ್ಕೆಯನ್ನು ಜನರ ಕೈಗೆ ಕೊಟ್ಟಿತು. 1972ರಲ್ಲಿ ಆ ಹೊಸ ನಿಯಮದಡಿ ಗೆದ್ದು ಬಂದವರು, ನಿಯಮ ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಜಾರ್ಜ್ ಮೆಕ್‌ಗವರ್ನ್. ಆದರೆ ನಿಕ್ಸನ್ ಎದುರು ಅವರು 50ರಲ್ಲಿ 49 ರಾಜ್ಯ ಸೋತರು. ಬೆಚ್ಚಿದ ಪಕ್ಷ 1984ರ ಹೊತ್ತಿಗೆ ‘ಸೂಪರ್ ಡೆಲಿಗೇಟ್’ಗಳನ್ನು ತಂದಿತು: ಸಂಸದರು, ಗವರ್ನರ್‌ಗಳು, ಪದಾಧಿಕಾರಿಗಳು ಸಮಾವೇಶದಲ್ಲಿ ತಮಗೆ ಬೇಕಾದವರಿಗೆ ಮತ ಹಾಕಬಹುದಿತ್ತು. 2016ರಲ್ಲಿ ಇವರಲ್ಲಿ ಹೆಚ್ಚಿನವರು ಹಿಲರಿ ಕ್ಲಿಂಟನ್ ಕಡೆ ನಿಂತಾಗ ಸ್ಯಾಂಡರ್ಸ್ ಬೆಂಬಲಿಗರು ರೊಚ್ಚಿಗೆದ್ದರು. 2018ರಲ್ಲಿ ಸೂಪರ್ ಡೆಲಿಗೇಟ್‌ಗಳ ಹಲ್ಲು ಕಿತ್ತದ್ದಾಯಿತು. ಪೈಪೋಟಿ ಇದ್ದರೆ ಮೊದಲ ಸುತ್ತಿನಲ್ಲಿ ಈಗ ಅವರಿಗೆ ಮತವಿಲ್ಲ.

ಹೊರಗಿನವರ ಗುಟ್ಟು ಲೆಕ್ಕದಲ್ಲಿದೆ

ಪ್ರತಿ ರಾಜ್ಯದ ಪ್ರೈಮರಿಯೂ ಸ್ಪರ್ಧಿಗಳಿಗೆ ಡೆಲಿಗೇಟ್‌ಗಳನ್ನು, ಅಂದರೆ ಸಮಾವೇಶದಲ್ಲಿ ಮತ ಹಾಕುವ ಪ್ರತಿನಿಧಿಗಳನ್ನು ಗಳಿಸಿಕೊಡುತ್ತದೆ. ಅರ್ಧಕ್ಕಿಂತ ಹೆಚ್ಚು ಡೆಲಿಗೇಟ್ ಸೇರಿಸಿದವರು ಅಭ್ಯರ್ಥಿ. 2016ರಲ್ಲಿ ರಿಪಬ್ಲಿಕನ್ನರಿಗೆ ಬೇಕಿದ್ದದ್ದು 2,472ರಲ್ಲಿ 1,237. ಆದರೆ ಮತವನ್ನು ಡೆಲಿಗೇಟ್ ಆಗಿ ಬದಲಿಸುವ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. ಡೆಮಾಕ್ರಟರು ಶೇ 15 ದಾಟಿದವರಿಗೆಲ್ಲ ಮತದ ಪ್ರಮಾಣದಲ್ಲಿ ಹಂಚುತ್ತಾರೆ. ರಿಪಬ್ಲಿಕನ್ನರ ಹಲವು ರಾಜ್ಯಗಳಲ್ಲಿ ಮೊದಲು ಬಂದವನಿಗೆ ದೊಡ್ಡ ಪಾಲು, ಕೆಲವೆಡೆ ಪೂರ್ತಿ.

ಸೌತ್ ಕ್ಯಾರೊಲಿನಾ ನೋಡಿ. 2016ರ ಫೆಬ್ರುವರಿ 20ರಂದು ಟ್ರಂಪ್‌ಗೆ ಸುಮಾರು ಶೇ 32 ಮತ ಬಂತು. ಮಾರ್ಕೊ ರುಬಿಯೊ, ಟೆಡ್ ಕ್ರೂಜ್ ತಲಾ ಶೇ 22ರ ಆಸುಪಾಸು. ಮೂವರಲ್ಲಿ ಇಬ್ಬರು ಮತದಾರರು ಟ್ರಂಪ್‌ಗೆ ಹಾಕಿರಲಿಲ್ಲ. ಆದರೂ ರಾಜ್ಯದ 50 ಡೆಲಿಗೇಟ್‌ಗಳಲ್ಲಿ 50ನ್ನೂ ಅವರು ಬಾಚಿಕೊಂಡರು.

ಇದೇ ಆಟಕ್ಕೆ ನಮ್ಮ ಕಡೆಯವರೊಬ್ಬರ ಉದಾಹರಣೆಯೂ ಉಂಟು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಉದ್ಯಮಿ ಶ್ರೀ ಥಾಣೇದಾರ್ 2018ರಲ್ಲಿ ಮಿಶಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಗೆ ಸ್ವಂತ ದುಡ್ಡು ಸುರಿದು ನಿಂತರು, ಮೂವರಲ್ಲಿ ಮೂರನೆಯವರಾದರು. 2022ರಲ್ಲಿ ಡೆಟ್ರಾಯಿಟ್ ಭಾಗದ ಸಂಸತ್ ಸ್ಥಾನಕ್ಕೆ ನಿಂತಾಗ ಎದುರಿಗೆ ಎಂಟು ಮಂದಿ. ಕಪ್ಪು ಜನಾಂಗದ ಮುಖಂಡರು ತಮ್ಮವರೊಬ್ಬರೇ ಕಣದಲ್ಲಿ ಉಳಿಯಲಿ ಎಂದು ಬಯಸಿದರೂ ಮತ ಚದುರಿತು. ಥಾಣೇದಾರ್ ಶೇ 28ರಲ್ಲೇ ಪ್ರೈಮರಿ ಗೆದ್ದು ಸಂಸತ್ತಿಗೆ ಹೋದರು.

ಒಗ್ಗಟ್ಟಿನ ಹತಾರಗಳು

ಹಾಗಾದರೆ ಪಕ್ಷದ ಕೈಯಲ್ಲಿ ಉಳಿದದ್ದೇನು? ಮೊದಲನೆಯದು ಆಣೆ. 2015ರ ಆಗಸ್ಟ್ 6ರ ರಿಪಬ್ಲಿಕನ್ನರ ಮೊದಲ ಚರ್ಚೆಯಲ್ಲಿ, ಸೋತರೆ ಗೆದ್ದವರನ್ನು ಬೆಂಬಲಿಸುತ್ತೇನೆ ಎಂದು ಮಾತು ಕೊಡದವರು ಕೈ ಎತ್ತಿ ಎಂದಾಗ ವೇದಿಕೆಯ ಮೇಲಿದ್ದ ಹತ್ತು ಜನರಲ್ಲಿ ಎದ್ದದ್ದು ಟ್ರಂಪ್ ಕೈ ಒಂದೇ. ತಿಂಗಳೊಳಗೆ ಅವರು ಸಹಿ ಹಾಕಿದರು. ಮರುವರ್ಷ ಮಾರ್ಚ್‌ನಲ್ಲಿ ಅದಕ್ಕೆ ತಾವು ಬದ್ಧರಲ್ಲ ಎಂದರು. ಯಾರಿಗೂ ಏನೂ ಮಾಡಲಾಗಲಿಲ್ಲ. ಆಣೆಗೆ ಕಾನೂನಿನ ಬಲವಿಲ್ಲ.

ಎರಡನೆಯದು ಬಂಡಾಯ ತಡೆ. ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲದಂತೆ ಬಹುತೇಕ ರಾಜ್ಯಗಳಲ್ಲಿ ಕಾನೂನಿದೆ. ನ್ಯೂಯಾರ್ಕ್‌ನಲ್ಲಿ ಇಲ್ಲ. ಹಾಗಾಗಿಯೇ 2025ರ ಮೇಯರ್ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಎದುರು ಸೋತ ಮಾಜಿ ಗವರ್ನರ್ ಆಂಡ್ರ್ಯೂ ಕ್ಯುಮೊ ನವೆಂಬರ್‌ನಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ಅಲ್ಲಿ ಬಂಡಾಯವೆದ್ದದ್ದು ಹೊರಗಿನವರಲ್ಲ, ಪಕ್ಷದೊಳಗೇ ಬೆಳೆದವರು.

ಮೂರನೆಯದು ಸಮಾವೇಶದ ವೇದಿಕೆ. 2016ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕ್ರೂಜ್, ನಿಮ್ಮ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದಷ್ಟೇ ಹೇಳಿ ಟ್ರಂಪ್‌ಗೆ ಬೆಂಬಲ ಸೂಚಿಸದೆ ಇಳಿದಾಗ ಸಭೆ ಕೂಗಿ ಛೀಮಾರಿ ಹಾಕಿತು. ವಾರದೊಳಗೆ ಫಿಲಡೆಲ್ಫಿಯಾದಲ್ಲಿ ಸ್ಯಾಂಡರ್ಸ್ ಎದ್ದು ನಿಂತು, ಕ್ಲಿಂಟನ್ ಅವರನ್ನೇ ಅಭ್ಯರ್ಥಿ ಎಂದು ಘೋಷಿಸಿ ಎಂದು ಕೇಳಿಕೊಂಡರು. ನವೆಂಬರ್‌ನಲ್ಲಿ ಗೆದ್ದದ್ದು ಮನಸ್ತಾಪ ಬಯಲಾದ ಪಕ್ಷ. ವೇದಿಕೆಯ ಅಪ್ಪುಗೆಗೆ ಎಷ್ಟು ಬೆಲೆ ಎಂಬುದಕ್ಕೆ ಇಷ್ಟು ಸಾಕು.

ನಾಲ್ಕು ದಿನಗಳ ಪಾಠ

ನಿಜಕ್ಕೂ ಕೆಲಸ ಮಾಡುವ ಹತಾರ ನಾಲ್ಕನೆಯದು: ಹೊತ್ತಿಗೆ ಸರಿಯಾಗಿ ಹಿಂದೆ ಸರಿಯುವುದು. 2020ರ ಫೆಬ್ರುವರಿ 22ರಂದು ಸ್ಯಾಂಡರ್ಸ್ ನೆವಾಡಾ ಗೆದ್ದಾಗ ಜೋ ಬೈಡನ್ ಕತೆ ಮುಗಿಯಿತು ಎಂದೇ ಹಲವರು ಬರೆದಿದ್ದರು. ಅಯೋವಾದಲ್ಲಿ ಅವರು ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. 26ರಂದು ಸೌತ್ ಕ್ಯಾರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಬೆನ್ನಿಗೆ ನಿಂತರು. 29ರ ಶನಿವಾರ ಬೈಡನ್ ಅಲ್ಲಿ ಭಾರಿ ಅಂತರದಲ್ಲಿ ಗೆದ್ದರು. ಭಾನುವಾರ ಪೀಟ್ ಬುಟಿಜೆಜ್ ಕಣ ಬಿಟ್ಟರು, ಸೋಮವಾರ ಏಮಿ ಕ್ಲೋಬುಶರ್. ಅಂದು ಸಂಜೆಯೇ ಇಬ್ಬರೂ ಡಲ್ಲಾಸ್‌ಗೆ ಹೋಗಿ ಬೈಡನ್ ಪಕ್ಕ ನಿಂತರು. ಮಂಗಳವಾರ 14 ರಾಜ್ಯಗಳಲ್ಲಿ ಮತದಾನ. ಹತ್ತು ಬೈಡನ್ ಪಾಲು.

ಅದೇ 2016ರಲ್ಲಿ ರಿಪಬ್ಲಿಕನ್ನರ ಕಡೆ ಹದಿನೇಳು ಮಂದಿ ಇಳಿದಿದ್ದರು. ಟ್ರಂಪ್‌ಗೆ ನಿಜವಾದ ಎದುರಾಳಿ ತಾನೇ, ಉಳಿದವರು ಸರಿಯಲಿ ಎಂದು ಪ್ರತಿಯೊಬ್ಬರೂ ಕಾದರು. ರುಬಿಯೊ ಮಾರ್ಚ್ 15ರ ತನಕ ಎಳೆದರು. ಕ್ರೂಜ್ ಮೇ 3ಕ್ಕೆ, ಜಾನ್ ಕೇಸಿಕ್ ಮಾರನೆಯ ದಿನ ಬಿಟ್ಟರು. ಅಷ್ಟರಲ್ಲಿ ಬೆಕ್ಕಿಗೆ ಗಂಟೆ ಕಟ್ಟುವ ಹೊತ್ತು ಮೀರಿತ್ತು.

ಜಗಳವಾಡಿದರೆ ಸೋಲು ಖಚಿತವೇ?

ಹಾಗೇನಿಲ್ಲ. 1976ರಲ್ಲಿ ರೇಗನ್ ಸವಾಲು ಎದುರಿಸಿದ ಫೋರ್ಡ್, 1980ರಲ್ಲಿ ಟೆಡ್ ಕೆನಡಿ ಸವಾಲು ಎದುರಿಸಿದ ಕಾರ್ಟರ್ ಸೋತದ್ದು ನಿಜ. ಆದರೆ ಜನಕ್ಕೆ ಬೇಸರ ಬಂದಿದ್ದ ಅಧ್ಯಕ್ಷರೆಂದೇ ಅವರ ಮೇಲೆ ಸ್ವಪಕ್ಷದವರು ಏರಿ ಹೋದದ್ದು. ಒಬಾಮ ಮತ್ತು ಹಿಲರಿ 2008ರ ಜೂನ್ ತನಕ ಕಿತ್ತಾಡಿದರು. ನವೆಂಬರ್‌ನಲ್ಲಿ ಒಬಾಮ ಸಲೀಸಾಗಿ ಗೆದ್ದರು.

ಮುಂದಿನ ಪ್ರೈಮರಿಯ ಸುದ್ದಿ ಬಂದಾಗ ಮೂರು ವಿಷಯ ವಿಚಾರಿಸಿಕೊಳ್ಳಿ: ಆ ರಾಜ್ಯದಲ್ಲಿ ಮತ ಹಾಕಲು ಯಾರಿಗೆ ಅವಕಾಶ, ಡೆಲಿಗೇಟ್ ಹಂಚಿಕೆ ಹೇಗೆ, ಕಣದಲ್ಲಿ ಎಷ್ಟು ಜನ. ಒಗ್ಗಟ್ಟಿನ ಭಾಷಣ ಕೇಳದಿದ್ದರೂ ನಷ್ಟವಿಲ್ಲ. ಗೆಲ್ಲಲಾಗದವರು ಯಾವ ತಾರೀಖಿಗೆ ಕಣ ಬಿಟ್ಟರು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಬಿ ಫಾರಂ ಇಲ್ಲದ ಪಕ್ಷಕ್ಕೆ ಉಳಿದಿರುವ ಹೈಕಮಾಂಡ್ ಆ ಕ್ಯಾಲೆಂಡರ್ ಒಂದೇ.