ಡಾಲ್ಫಿನ್ ಎಂಜಿನ್ನಿಗೆ ಇನ್ನಷ್ಟು ಉಸಿರು

ಬೆಂಗಳೂರಿನ ಕಾರು ಎಂದೊಡನೆ ಇಂದಿನವರಿಗೆ ನೆನಪಾಗುವುದು ಬಿಡದಿಯ ಟೊಯೊಟಾ, ಇಲ್ಲವೇ ಬ್ಯಾಟರಿಯ ರೇವಾ. ಅವೆರಡಕ್ಕೂ ಬಹಳ ಮುಂಚೆ, 1982ರಲ್ಲಿ, ಇದೇ ಊರಿನ ಸಿಪಾನಿ ಆಟೊಮೊಬೈಲ್ಸ್ ಕಂಪನಿ ಡಾಲ್ಫಿನ್ ಎಂಬ ಎರಡು ಬಾಗಿಲ ಫೈಬರ್ ಕಾರನ್ನು ರಸ್ತೆಗಿಳಿಸಿತ್ತು. ಅಂಗಡಿಯಲ್ಲಿ ಅದು ಸೋತಿತು, ರೇಸಿನಲ್ಲಿ ಹೆಸರು ಮಾಡಿತು. ಒಂದೇ ಕಾರಿಗೆ ಈ ಎರಡು ಗತಿ ಒದಗಿದ್ದೇಕೆ ಎಂದು ಹುಡುಕಿದರೆ ಸಿಗುವ ಉತ್ತರ ಅದರ ತೂಕದಲ್ಲಿದೆ, ಎಂಜಿನ್ನಿನಲ್ಲಿದೆ. ಉಳಿದಿರುವ ಡಾಲ್ಫಿನ್‌ಗಳ ಒಡೆಯರು ಇನ್ನಷ್ಟು ಪಿಕಪ್ ಬೇಕೆಂದು ಹೊರಟರೆ ಯಾವ ದಾರಿ ಹಿಡಿಯಬೇಕು ಎನ್ನುವುದಕ್ಕೂ ಉತ್ತರ ಅದೇ. ಆ ಎಂಜಿನ್ನನ್ನು ಕಿತ್ತುಹಾಕುವುದು ತಪ್ಪು. ಅದನ್ನು ಅದರ ಜಾಯಮಾನಕ್ಕೆ ತಕ್ಕಂತೆ ಚುರುಕುಗೊಳಿಸುವುದು ಆ ಕಾರಿನ ಚರಿತ್ರೆಗೆ ಸಲ್ಲುವ ಗೌರವ ಎಂಬುದು ಇಲ್ಲಿನ ವಾದ.

ಈ ಎಂಜಿನ್ನಿನ ಬೇರು ಇಂಗ್ಲೆಂಡಿನಲ್ಲಿದೆ. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ 747 ಸಿಸಿ ಎಂಜಿನ್ನನ್ನು ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ ತನ್ನ ಮೂರು ಚಕ್ರದ ವ್ಯಾನುಗಳಿಗೆ ಹಾಕುತ್ತಿತ್ತು. ಆಸ್ಟಿನ್ ಅದನ್ನು ನಿಲ್ಲಿಸಿದಾಗ ರಿಲಯಂಟ್ ತಾನೇ ತಯಾರಿಸಿಕೊಂಡಿತು. ಬ್ರಿಟನ್ನಿನಲ್ಲಿ ಆಗ ಸುಮಾರು 400 ಕೆ.ಜಿ. ಮೀರದ ಮೂರು ಚಕ್ರದ ಗಾಡಿಗೆ ಮೋಟಾರ್ ಸೈಕಲ್ಲಿನ ತೆರಿಗೆ, ಮೋಟಾರ್ ಸೈಕಲ್ಲಿನ ಲೈಸೆನ್ಸ್ ಸಾಕಾಗುತ್ತಿತ್ತು. ಹಾಗಾಗಿ ಒಂದೊಂದು ಕಿಲೋ ಉಳಿಸುವುದೂ ರಿಲಯಂಟ್‌ಗೆ ಲಾಭವೇ. 1962ರಲ್ಲಿ ಅದು ಬ್ಲಾಕ್, ಹೆಡ್ ಎರಡನ್ನೂ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕಹೊಯ್ದ 598 ಸಿಸಿಯ ಹೊಸ ಎಂಜಿನ್ ತಂದಿತು. ಅದೇ ವಿನ್ಯಾಸ ಹಂತಹಂತವಾಗಿ ಬೆಳೆದು 1975ರ ಹೊತ್ತಿಗೆ 848 ಸಿಸಿ, 40 ಅಶ್ವಶಕ್ತಿಗೆ ಬಂದು, ಕಿಟನ್ ಎಂಬ ನಾಲ್ಕು ಚಕ್ರದ ಕಾರಿಗೆ ಕೂತಿತು. ಆಸ್ಟಿನ್ ಸೆವೆನ್ ಪ್ರಿಯರು 1939ರಲ್ಲಿ ಕಟ್ಟಿದ್ದ 750 ಮೋಟಾರ್ ಕ್ಲಬ್ ತನ್ನ ಕಡಿಮೆ ಖರ್ಚಿನ ರೇಸುಗಳಿಗೆ ಮುಂದೆ ಈ ರಿಲಯಂಟ್ ಎಂಜಿನ್ನನ್ನೇ ಒಪ್ಪಿಕೊಂಡಿತು. ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಮೊದಮೊದಲು ಹೆಸರು ಮಾಡಿದ್ದು ಇದೇ ಕ್ಲಬ್ಬಿನ ರೇಸುಗಳಲ್ಲಿ. ತೆರಿಗೆ ಉಳಿಸಲು ಹುಟ್ಟಿದ ಹಗುರತನ ಹೀಗೆ ವೇಗದ ಬಂಡವಾಳವಾಯಿತು.

ಸಿಪಾನಿಯವರ ದಾರಿಯೂ ವಿಚಿತ್ರವಾಗಿ ಇದನ್ನೇ ಹೋಲುತ್ತದೆ. 1970ರ ದಶಕದಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿದ್ದಾಗ ಅವರೂ ಶುರುಮಾಡಿದ್ದು ಬಾದಲ್ ಎಂಬ ಮೂರು ಚಕ್ರದ ಫೈಬರ್ ಗಾಡಿಯಿಂದ. ಆಮೇಲೆ ಕಿಟನ್ ಕಾರನ್ನು ಇಲ್ಲಿಗೆ ತಂದು ಡಾಲ್ಫಿನ್ ಎಂದು ಹೆಸರಿಟ್ಟರು. ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಉಕ್ಕಿನ ಚಾಸಿ, ಮೇಲೆ ಫೈಬರ್ ಮೈ. ತೂಕ ಅರ್ಧ ಟನ್ನಿನ ಆಸುಪಾಸು. ಆ ಕಾಲದ ಪ್ರೀಮಿಯರ್ ಪದ್ಮಿನಿಗೂ ಹೆಚ್ಚುಕಡಿಮೆ 40 ಅಶ್ವಶಕ್ತಿಯೇ, ಆದರೆ ಅದು ಹೊರಬೇಕಿದ್ದದ್ದು ಸುಮಾರು 900 ಕೆ.ಜಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಶಕ್ತಿಯೂ ಅಷ್ಟರಲ್ಲೇ, ತೂಕ ಮಾತ್ರ 600 ಕೆ.ಜಿ. ದಾಟಿತ್ತು. ಕಾಗದದ ಮೇಲೆ ಡಾಲ್ಫಿನ್ ಇವೆರಡಕ್ಕಿಂತ ಚುರುಕು. ಕೊಳ್ಳುವವರು ನೋಡಿದ್ದೇ ಬೇರೆ. ಸಂಸಾರ ಹತ್ತಿ ಇಳಿಯಲು ನಾಲ್ಕು ಬಾಗಿಲು ಬೇಕಿತ್ತು, ಫೈಬರ್ ಮೈಯ ಮೇಲೆ ನಂಬಿಕೆ ಇರಲಿಲ್ಲ, ಮಾರುತಿಯ ಬೆನ್ನಿಗೆ ಸರ್ಕಾರವಿತ್ತು. ನಂತರ ಬಾಗಿಲು ಹೆಚ್ಚಿಸಿ ಮೊಂಟಾನಾ ಎಂದು ಹೊರತಂದರೂ ಕಾಲ ಮಿಂಚಿತ್ತು. ಇತ್ತ ಮದರಾಸಿನ ಹೊರಗೆ, ಶೋಳಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳಿಗೆ, ರ‍್ಯಾಲಿಗಳಿಗೆ ಬೇಕಿದ್ದದ್ದು ಬಾಗಿಲಲ್ಲ, ಹಗುರತನ. ಮನೆಮಂದಿ ಒಲ್ಲೆಂದ ಕಾರನ್ನು ರೇಸಿನವರು ಬರಸೆಳೆದುಕೊಂಡರು.

ಇಂಥ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯುವುದೆಂದರೆ ಮುಖ್ಯವಾಗಿ ಅದರ ಉಸಿರಾಟ ಸರಾಗ ಮಾಡುವುದು. ಒಳಬರುವ, ಹೊರಹೋಗುವ ದಾರಿಗಳನ್ನು ತೀಡಿ ನುಣುಪು ಮಾಡುವ ಪೋರ್ಟಿಂಗ್, ನಾಲ್ಕು ಕೊಳವೆ ಒಂದಾಗುವ ಎಕ್ಸಾಸ್ಟ್, ವಾಲ್ವುಗಳನ್ನು ತುಸು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಶಾಫ್ಟ್, ಅದಕ್ಕೆ ಹೊಂದುವ ಕಾರ್ಬ್ಯುರೇಟರ್ ಜೆಟ್. ಇವುಗಳ ಜೊತೆ ಹೆಡ್ ಸ್ಕಿಮ್ಮಿಂಗ್, ಅಂದರೆ ಹೆಡ್ಡಿನ ತಳವನ್ನು ತೆಳುವಾಗಿ ಸವರಿ ಕಂಪ್ರೆಶನ್ ಏರಿಸುವುದು. ಇದರ ಸೂಕ್ಷ್ಮ ಲೆಕ್ಕ ಹಾಕಿದರೆ ತಿಳಿಯುತ್ತದೆ. 848 ಸಿಸಿಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 212 ಸಿಸಿ. ಎಂಟೂವರೆಯ ಕಂಪ್ರೆಶನ್ ಅನುಪಾತವನ್ನು ಒಂಬತ್ತೂವರೆಗೆ ಏರಿಸಬೇಕೆಂದರೆ ಪಿಸ್ಟನ್ ಮೇಲೆ ಉಳಿಯುವ ಜಾಗದಲ್ಲಿ ಬರೀ 3.3 ಸಿಸಿ ತಗ್ಗಬೇಕು, ಒಂದು ಟೀ ಚಮಚೆಗಿಂತಲೂ ಕಡಿಮೆ. ಒಳ್ಳೆಯ ಮೆಕ್ಯಾನಿಕ್ ಹೆಡ್ಡನ್ನು ಬೋರಲು ಹಾಕಿ, ಗಾಜಿನ ತುಂಡು ಮುಚ್ಚಿ, ಸಣ್ಣ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟು ನಾಲ್ಕೂ ಗುಳಿಗಳನ್ನು ಅಳೆಯುತ್ತಾನೆ. ಒಂದರಲ್ಲಿ ಅರ್ಧ ಸಿಸಿ ಹೆಚ್ಚು ಹಿಡಿದರೂ ತೀಡಿ ಸಮಮಾಡುತ್ತಾನೆ. ಈ ಎಂಜಿನ್ನಿನ ಲೈನರ್‌ಗಳ ಸುತ್ತ ನೀರೇ ಹರಿಯುವುದರಿಂದ, ಬ್ಲಾಕಿನ ಮಟ್ಟದಿಂದ ಅವು ಎಷ್ಟು ಮೇಲೆದ್ದಿವೆ ಎಂಬುದನ್ನೂ ನೋಡಬೇಕು. ಅಲ್ಲಿ ಎಡವಿದರೆ ಗ್ಯಾಸ್ಕೆಟ್ ಹೋಗುತ್ತದೆ, ಬಿಸಿಯೇರಿ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. 1980ರ ದಶಕದ ಸಾಧಾರಣ ಪೆಟ್ರೋಲಿನ ಆಕ್ಟೇನ್ 87 ಇದ್ದಾಗ ಕಂಪ್ರೆಶನ್ ಏರಿಸಿದರೆ ಎಂಜಿನ್ ಕುಟ್ಟುತ್ತಿತ್ತು. ಇಂದಿನ ಶೇ 20ರ ಎಥೆನಾಲ್ ಪೆಟ್ರೋಲಿನ ಆಕ್ಟೇನ್ ಅದಕ್ಕಿಂತ ಎಷ್ಟೋ ಮೇಲೆ, ಹಾಗಾಗಿ ಆ ಅಡ್ಡಿ ಬಹಳಮಟ್ಟಿಗೆ ತೀರಿದೆ. ಬದಲಿಗೆ ಎಥೆನಾಲ್ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ತಿನ್ನುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಪೈಪು ಬದಲಿಸದೆ, ಜೆಟ್ ದೊಡ್ಡದು ಮಾಡದೆ ಹೆಡ್ಡಿಗೆ ಕೈಹಾಕುವುದು ಅಪಾಯ.

ರೇಸಿನ ಎಂಜಿನ್ ಊರೊಳಗೆ ಓಡೀತೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಡೇರಿ ಸರ್ಕಲ್ಲಿನಿಂದ ಹುಳಿಮಾವು ಗೇಟಿನವರೆಗಿನ ಬನ್ನೇರುಘಟ್ಟ ರಸ್ತೆಯಲ್ಲಿ ನಿಮಿಷಕ್ಕೆ 6000 ಸುತ್ತಿನವರೆಗೆ ಎಂಜಿನ್ ಎಳೆಯುವ ಅವಕಾಶವೇ ಇಲ್ಲ. ಮೊದಲ ಗೇರು, ಎರಡನೆಯ ಗೇರು, ಮತ್ತೆ ಬ್ರೇಕು. ತೀಕ್ಷ್ಣವಾದ ರೇಸ್ ಕ್ಯಾಮ್ ಇಲ್ಲಿ ಸಿಗ್ನಲ್ಲಿಗೊಮ್ಮೆ ಎಂಜಿನ್ ಆಫ್ ಮಾಡಿಸುತ್ತದೆ. ಆದ್ದರಿಂದ ರಸ್ತೆಗೆ ಬೇಕಾದ ಶಕ್ತಿ ಎರಡರಿಂದ ನಾಲ್ಕು ಸಾವಿರ ಸುತ್ತಿನೊಳಗೆ ಸಿಗಬೇಕು. ಅದಕ್ಕೆ ಮೃದುವಾದ ಕ್ಯಾಮ್, ಹದವಾದ ಕಂಪ್ರೆಶನ್, ಸರಿಯಾದ ಟೈಮಿಂಗ್, ಗಟ್ಟಿ ರೇಡಿಯೇಟರ್ ಸಾಕು. ಕೆಲಸ ಶುರುಮಾಡುವಾಗ ಬ್ರೇಕ್ ಮೊದಲು, ಎಂಜಿನ್ ಆಮೇಲೆ. ಇಷ್ಟೆಲ್ಲ ಪಾಡು ಏಕೆ, ಸುಲಭವಾಗಿ ಸಿಗುವ ಮಾರುತಿ ಓಮ್ನಿ ಎಂಜಿನ್ ಕೂರಿಸಿದರಾಗದೇ ಎನ್ನುವವರೂ ಉಂಟು. ಓಡೇನೋ ಓಡೀತು. ಆದರೆ ಡಾಲ್ಫಿನ್ನನ್ನು ಡಾಲ್ಫಿನ್ ಮಾಡಿದ ಆ ಅಲ್ಯೂಮಿನಿಯಂ ಎಂಜಿನ್ ಹೋದಮೇಲೆ ಉಳಿಯುವುದು ಒಂದು ಫೈಬರ್ ಮೈ ಅಷ್ಟೇ.

ಇನ್ನೊಂದು ಕಡೆಯಿಂದ ಮೂಲನಿಷ್ಠರ ವಾದ ಬರುತ್ತದೆ: ಕಾರ್ಖಾನೆಯಿಂದ ಬಂದಂತೆಯೇ ಇಡಿ, ಒಂದು ಬೋಲ್ಟನ್ನೂ ಮುಟ್ಟಬೇಡಿ. ಕಾನೂನೂ ಅವರತ್ತ ವಾಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2021ರ ವಿಂಟೇಜ್ ನಿಯಮಗಳು 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ ಮಾತ್ರ ಆ ಮಾನ್ಯತೆ ಕೊಡುತ್ತವೆ. ಮೊದಲ ಡಾಲ್ಫಿನ್‌ಗಳು ಆ ಹೊಸ್ತಿಲು ಮುಟ್ಟುವುದು 2032ರಲ್ಲಿ. ಈ ವಾದವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದು ಅರ್ಧ ಚರಿತ್ರೆಯನ್ನಷ್ಟೇ ಕಾಯುತ್ತದೆ. ಡಾಲ್ಫಿನ್ ಹೆಸರು ಮಾಡಿದ್ದು ತೀಡಿದ ಹೆಡ್ಡಿನಿಂದ, ಹದಗೊಂಡ ಕಾರ್ಬ್ಯುರೇಟರಿನಿಂದ. ಆ ಕೈಕೆಲಸವನ್ನು ಅಳಿಸಿ ಉಳಿಸಿದ ಕಾರು ಅದರ ಬಾಳನ್ನು ಪೂರ್ತಿ ಹೇಳುವುದಿಲ್ಲ. ಎರಡನ್ನೂ ಕಾಪಾಡುವ ದಾರಿ ಇದೆ. ಬೋರ್ ಹೆಚ್ಚಿಸಿ ಸಿಸಿ ಬದಲಿಸದಿರುವುದು, ಸವರುವುದಿದ್ದರೆ ಬೇರೊಂದು ಹೆಡ್ ತಂದು ಸವರುವುದು, ಮೂಲದ ಹೆಡ್ಡು, ಕ್ಯಾಮು, ಕಾರ್ಬ್ಯುರೇಟರನ್ನು ಎಣ್ಣೆ ಹಚ್ಚಿ ಎತ್ತಿಡುವುದು, ಹೊಗೆ ತಪಾಸಣೆಯಲ್ಲಿ ಗೆಲ್ಲುವುದು. ಬ್ರಿಟನ್ನಿನಲ್ಲಿ ಈ ಎಂಜಿನ್ನಿನ ಬಿಡಿಭಾಗ ಒದಗಿಸುವವರು ಇನ್ನೂ ಇದ್ದಾರೆ, ಏಕೆಂದರೆ ಅಲ್ಲಿ ಅದನ್ನು ಓಡಿಸುತ್ತಲೇ ಬಂದರು, ಮಾಡಿದ್ದನ್ನು ಬರೆದಿಟ್ಟರು. ನಮ್ಮಲ್ಲಿ ಜೆ.ಸಿ. ರೋಡಿನ ಬಿಡಿಭಾಗ, ಲೇತ್ ಅಂಗಡಿಯ ನಾಜೂಕು, ರೇಸಿನ ಅನುಭವ ಮೂರೂ ಇದ್ದೂ ಆ ವಿದ್ಯೆ ಕೈಯಿಂದ ಕೈಗೆ ದಾಟಿತೇ ಹೊರತು ಕಾಗದಕ್ಕೆ ಇಳಿಯಲಿಲ್ಲ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಡಾಲ್ಫಿನ್ ಇಟ್ಟುಕೊಂಡ ಪ್ರತಿಯೊಬ್ಬರೂ ಎಷ್ಟು ಸವರಿದರು, ಯಾವ ಜೆಟ್ ಹಾಕಿದರು, ಎಲ್ಲಿ ಗ್ಯಾಸ್ಕೆಟ್ ಹೋಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಕಾರಿನ ಜೊತೆ ಅದನ್ನೂ ಮುಂದಿನವರಿಗೆ ಒಪ್ಪಿಸಬೇಕು.