ದುಡಿಯಲು ಬೆಂಗಳೂರಿಗೆ ಹೊರಟಿದ್ದೀರಾ? ಕೆಲಸ, ಮನೆ ಹುಡುಕುವ ಮುನ್ನ ತಿಳಿದಿರಲಿ



ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯ ಊರುಗಳಲ್ಲಿ ಮನೆ ಬಾಗಿಲುಗಳಿಗೆ ಬೀಗ ಬೀಳುತ್ತದೆ. ಮುದುಕರು, ಮಕ್ಕಳನ್ನು ಊರಲ್ಲೇ ಬಿಟ್ಟು ಉಳಿದವರು ಗುಳೆ ಹೊರಡುತ್ತಾರೆ. ಹೆಚ್ಚಿನವರು ಬಸ್ಸು ಹತ್ತುವುದು ಬೆಂಗಳೂರಿಗೆ. ಅಲ್ಲಿ ಕಟ್ಟಡ ಕೆಲಸ ಇದೆ, ಗಾರ್ಮೆಂಟ್ಸ್ ಇದೆ, ಹೌಸ್ ಕೀಪಿಂಗ್ ಇದೆ, ಮನೆಗೆಲಸ ಇದೆ. ಕೆಲಸ ಸಿಗುವುದಿಲ್ಲ ಅನ್ನೋ ಹಾಗಿಲ್ಲ. ಆದರೆ ಸಾಲ ತೀರಿಸೋಣ ಅಂತ ಹೋದವರು ಇನ್ನಷ್ಟು ಸಾಲ ಹೊತ್ತು ಬಂದದ್ದನ್ನೂ ನಾವು ಸಂಘಗಳಲ್ಲಿ ನೋಡುತ್ತಿದ್ದೇವೆ.

ಅದಕ್ಕೆ ಕಾರಣ ಸೋಮಾರಿತನವಲ್ಲ. ಹೋಗುವಾಗಲೇ ಮೇಸ್ತ್ರಿ ಹತ್ತಿರ ಮುಂಗಡ, ಹೋದ ಮೇಲೆ ಮನೆಗೆ ಅಡ್ವಾನ್ಸ್, ಮೊದಲ ಸಂಬಳ ಬರುವ ತನಕ ಊಟದ ಖರ್ಚು, ಈ ಮೂರಕ್ಕೂ ಬಡ್ಡಿ ಸಾಲ ಮಾಡುವುದೇ ಕಾರಣ. ಹೊರಡುವ ಮುನ್ನ ಏನು ಮಾಡಬೇಕು, ಹೋದ ಮೇಲೆ ಯಾವುದನ್ನು ಕೇಳಿ ಪಡೆಯಬೇಕು ಎಂಬುದನ್ನು ಈ ಸಲದ ಪತ್ರದಲ್ಲಿ ತಿಳಿದುಕೊಳ್ಳೋಣ.

ಹೊರಡುವ ಮುನ್ನ

ಮೊದಲ ಮಾತು, ಮುಂಗಡ ಕೊಡುತ್ತೇನೆ ಅನ್ನುವವರ ಬಗ್ಗೆ ಎಚ್ಚರ. ಸಾಲ ಕೊಟ್ಟು, ತೀರುವ ತನಕ ಇಲ್ಲೇ ದುಡಿಯಬೇಕು, ಬೇರೆ ಕಡೆ ಹೋಗುವ ಹಾಗಿಲ್ಲ ಎಂದು ಕಟ್ಟಿಹಾಕುವುದು ಜೀತ. ಇಟ್ಟಿಗೆ ಗೂಡಲ್ಲಿ ಆದರೂ ಜೀತವೇ, ಕಟ್ಟಡದಲ್ಲಿ ಆದರೂ ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದನ್ನು ಅಪರಾಧ ಎನ್ನುತ್ತದೆ. ಜೀತಕ್ಕೆ ಕಟ್ಟಿದ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ. ಇಂಥದ್ದು ಕಂಡರೆ ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಮುಂಗಡ ತಗೊಳ್ಳಲೇಬೇಕಾದ ಕಷ್ಟ ಬಂದರೆ ಮೊದಲು ಸಂಘದಲ್ಲಿ ಬಾಯಿ ಬಿಟ್ಟು ಹೇಳಿ.

ಎರಡನೆಯದು ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್ ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡ್ ಇವೆಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ಪ್ರತಿ ಊರಲ್ಲಿ ನಂಬಿಕಸ್ತರ ಹತ್ತಿರ ಇರಲಿ. ಕೆಲಸ ಕೊಡುವವರಿಗಾಗಲಿ, ಮನೆ ಮಾಲೀಕರಿಗಾಗಲಿ ಜೆರಾಕ್ಸ್ ಮಾತ್ರ ಕೊಡಿ, ಒರಿಜಿನಲ್ ಕೊಟ್ಟು ಕೈ ಕಟ್ಟಿಸಿಕೊಳ್ಳಬೇಡಿ.

ಮೂರನೆಯದು, ಇ-ಶ್ರಮ್ ಕಾರ್ಡ್. ಅಸಂಘಟಿತ ಕೆಲಸಗಾರರಿಗಾಗಿ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ ನೋಂದಣಿ ಇದು. 16ರಿಂದ 59 ವರ್ಷದವರು ಹೆಸರು ಬರೆಸಬಹುದು. 12 ಅಂಕಿಯ ಒಂದು ನಂಬರ್ ಸಿಗುತ್ತದೆ. ಊರಲ್ಲೇ ಮಾಡಿಸಿಕೊಂಡು ಹೋದರೆ ಅಲ್ಲಿ ಅಲೆದಾಟ ತಪ್ಪುತ್ತದೆ.

ರೇಷನ್ ಕಾರ್ಡ್ ಊರಲ್ಲೇ ಇದ್ದರೆ?

‘ರೇಷನ್ ಬಿಟ್ಟು ಹೋಗ್ಬೇಕಲ್ಲಾ’ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಬಿಡಬೇಕಾಗಿಲ್ಲ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ ಬಂದ ಮೇಲೆ ನಿಮ್ಮ ಕಾರ್ಡಿನ ಮೇಲೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಕರ್ನಾಟಕ 2020ರ ಜನವರಿಯಲ್ಲೇ ಇದಕ್ಕೆ ಸೇರಿತು. ಕಾರ್ಡ್ ನಂಬರ್ ಹೇಳಿ ಬೆರಳಚ್ಚು ಕೊಡಬೇಕು. ಅದಕ್ಕೆ ಮನೆಯ ಎಲ್ಲರ ಆಧಾರ್ ಕಾರ್ಡಿಗೆ ಜೋಡಣೆಯಾಗಿ, ಇ-ಕೆವೈಸಿ ಆಗಿರಬೇಕು. ಇದನ್ನು ಹೊರಡುವ ಮುಂಚೆಯೇ ನಿಮ್ಮ ಅಂಗಡಿಯಲ್ಲಿ ವಿಚಾರಿಸಿ. ಅಲ್ಲಿಯ ಅಂಗಡಿಯವರು ‘ನಿಮ್ಮ ಕಾರ್ಡ್ ಇಲ್ಲಿ ನಡೆಯಲ್ಲ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ, ಆಹಾರ ಇಲಾಖೆಗೆ ದೂರು ಕೊಡಿ. ತಿಂಗಳ ಅಕ್ಕಿಯ ದುಡ್ಡು ಉಳಿದರೆ ಅದೇ ಬಾಡಿಗೆಗೆ ಆಸರೆ.

ಮನೆ ಹುಡುಕುವಾಗ

ಮೊದಲು ಕೆಲಸದ ಜಾಗ ಗೊತ್ತು ಮಾಡಿ, ಆಮೇಲೆ ಮನೆ. ಗಾರ್ಮೆಂಟ್ಸ್‌ಗಳು ಹೆಚ್ಚಾಗಿ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಇವೆ. ಕಟ್ಟಡ ಕೆಲಸ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಜಾಸ್ತಿ. ಬಾಡಿಗೆ ಕಮ್ಮಿ ಅಂತ ದೂರ ಮನೆ ಹಿಡಿದರೆ ದಿನಕ್ಕೆ ಮೂರು ತಾಸು ಬಸ್ಸಿನಲ್ಲೇ ಕಳೆಯುತ್ತದೆ. ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ದುಡ್ಡಿಗಿಂತ ಹೊತ್ತು ಮುಖ್ಯ. ರಾತ್ರಿ ಎಂಟಕ್ಕೆ ಬಸ್ಸಿಳಿದು ನಡೆಯುವ ದಾರಿಯಲ್ಲಿ ದೀಪ ಇದೆಯಾ ಎಂದು ನೋಡಿಯೇ ಒಪ್ಪಿಕೊಳ್ಳಿ.

ವಠಾರದ ಒಂದು ಕೋಣೆಯ ಮನೆ, ಶೀಟ್ ಮನೆ ಯಾವುದೇ ಇರಲಿ, ಒಪ್ಪುವ ಮುಂಚೆ ಇಷ್ಟನ್ನು ಕೇಳಿ:

- ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ? ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಬೆಂಗಳೂರಲ್ಲಿ ಇದೆ.
- ನೀರು ಕಾವೇರಿಯದ್ದೋ, ಬೋರ್‌ವೆಲ್ಲಿನದ್ದೋ? ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು?
- ಕರೆಂಟಿಗೆ ನಿಮ್ಮದೇ ಮೀಟರ್ ಇದೆಯಾ, ಎಲ್ಲರಿಗೂ ಸೇರಿ ಒಂದೇ ಮೀಟರಾ?
- ಶೌಚಾಲಯ ಎಷ್ಟು ಮನೆಗೆ ಒಂದು? ಒಳಗಿನಿಂದ ಚಿಲಕ ಇದೆಯಾ?

ಮೀಟರಿನ ವಿಷಯ ಸಣ್ಣದಲ್ಲ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಬಾಡಿಗೆ ಕರಾರು ಮತ್ತು ಆಧಾರ್ ಕೊಟ್ಟು ಆ ಮನೆಯ ಮೀಟರಿಗೆ ಹೆಸರು ಜೋಡಿಸಬೇಕು. ಮನೆ ಬದಲಾಯಿಸಿದಾಗ ಹಳೇ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ ಹೊಸದಕ್ಕೆ ಸೇರಿಸಬೇಕು. ಇಲ್ಲಾಂದ್ರೆ ಹಳೇ ಮನೆಗೆ ನಿಮ್ಮ ಹೆಸರು, ಹೊಸ ಮನೆಗೆ ಬಿಲ್ಲು ಆಗುತ್ತದೆ.

ಅಡ್ವಾನ್ಸ್ ದುಡ್ಡಿನ ಲೆಕ್ಕ

ಬೆಂಗಳೂರಲ್ಲಿ ಹಿಂದಿನಿಂದಲೂ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇದೆ. ಇದು ಚೌಕಾಸಿ ಮಾಡಬಹುದಾದದ್ದು, ಕೇಳಿ ಕಡಿಮೆ ಮಾಡಿಸಿ. ಬಾಡಿಗೆ 5,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ 50,000 ಆಯಿತು. ಇದನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,500 ಬಡ್ಡಿ. ಅಂದರೆ ನಿಮ್ಮ ಬಾಡಿಗೆ 5,000 ಅಲ್ಲ, 6,500. ಅದೇ ದುಡ್ಡನ್ನು ಸಂಘದಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 500. ಐದು ತಿಂಗಳ ಅಡ್ವಾನ್ಸಿಗೆ ಒಪ್ಪಿಸಿದರೆ 250. ಲೆಕ್ಕ ಹಾಕಿ ನೋಡಿದರೆ ನಮ್ಮ ಸಂಘದ ಬೆಲೆ ಗೊತ್ತಾಗುತ್ತದೆ.

ಅಡ್ವಾನ್ಸ್ ಎಷ್ಟೇ ಇರಲಿ, ಕೈಯಲ್ಲಿ ಕೊಟ್ಟು ಬಾಯಿ ಮಾತು ನಂಬಬೇಡಿ. ಬ್ಯಾಂಕಿನಿಂದಲೋ ಫೋನ್ ಪೇಯಿಂದಲೋ ಹಾಕಿ. ಬಾಡಿಗೆ ಕರಾರು ಪತ್ರ ಮಾಡಿಸಿ, ಅದರಲ್ಲಿ ಅಡ್ವಾನ್ಸ್ ಮೊತ್ತ, ಮನೆ ಬಿಡಲು ಎಷ್ಟು ತಿಂಗಳ ಮುಂಚೆ ಹೇಳಬೇಕು, ದುಡ್ಡು ಯಾವಾಗ ವಾಪಸ್ ಕೊಡುತ್ತಾರೆ ಎಂಬುದು ಬರೆದಿರಲಿ. ಕರಾರು 11 ತಿಂಗಳಿಗೇ ಯಾಕೆ ಮಾಡುತ್ತಾರೆ ಎಂದು ಹಲವರು ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಆ ಖರ್ಚು ತಪ್ಪಿಸಲು 11 ತಿಂಗಳು.

ಇನ್ನು ಭೋಗ್ಯ, ಅಂದರೆ ಲೀಸ್. ಎರಡೋ ಮೂರೋ ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್ ಅನ್ನುತ್ತಾರೆ. ಕೇಳಲು ಚೆಂದ. ಆದರೆ ಆ ಮನೆಯ ಮೇಲೆ ಮಾಲೀಕರು ಬ್ಯಾಂಕ್ ಸಾಲ ಮಾಡಿ ಕಟ್ಟದೇ ಹೋದರೆ ಮನೆ ಹರಾಜಿಗೆ ಬರುತ್ತದೆ, ನೀವು ಬೀದಿಗೆ. ಇನ್ನು ಕೆಲವರು ತಾವೇ ಬಾಡಿಗೆಗೆ ಹಿಡಿದ ಮನೆಯನ್ನು ತಮ್ಮದು ಅಂತ ಲೀಸಿಗೆ ಕೊಟ್ಟು ದುಡ್ಡಿನ ಸಮೇತ ಮಾಯ ಆಗುತ್ತಾರೆ. ಹೊಲ, ಒಡವೆ ಅಡವಿಟ್ಟ ದುಡ್ಡನ್ನು ಹೀಗೆ ಕಳಕೊಂಡರೆ ಏಳಲು ಆಗುವುದಿಲ್ಲ. ಊರಿಗೆ ಹೊಸಬರಾದವರು ಲೀಸಿಗೆ ಹೋಗಬೇಡಿ ಎಂದೇ ನಾವು ಹೇಳುತ್ತೇವೆ. ಹೋಗಲೇಬೇಕಾದರೆ ಮನೆಯ ಋಣಭಾರ ಪತ್ರ ತೆಗೆಸಿ ನೋಡಿ, ಮಾಲೀಕರ ಹೆಸರು ತಾಳೆ ನೋಡಿ, ಕರಾರನ್ನು ನೋಂದಣಿ ಮಾಡಿಸಿ.

ಒಬ್ಬಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ವಿಚಾರಿಸಬಹುದು. ಸರ್ಕಾರದ ನೆರವಿನಿಂದ ನಡೆಯುವ ಇಂಥವಕ್ಕೆ ಈಗ ‘ಸಖಿ ನಿವಾಸ’ ಎಂದು ಹೆಸರು.

ಕೆಲಸಕ್ಕೆ ಸೇರುವಾಗ

ಕೆಲಸ ಕೊಡಿಸಲು ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ. ಗಾರ್ಮೆಂಟ್ಸ್‌ಗಳ ಗೇಟಿನಲ್ಲಿ ‘ಟೈಲರ್, ಹೆಲ್ಪರ್ ಬೇಕಾಗಿದ್ದಾರೆ’ ಎಂಬ ಬೋರ್ಡ್ ಇರುತ್ತದೆ. ಅಲ್ಲಿ ಕೆಲಸ ಮಾಡುವ ನಮ್ಮ ಊರಿನವರ ಜೊತೆ ಹೋಗಿ ನೇರವಾಗಿ ಕೇಳಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಕಾರ್ಖಾನೆ, ಕಂಪನಿಗಳು ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈ ಸೇರಬೇಕು. ಹೆಚ್ಚು ಹೊತ್ತು ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ಒಂದೇ ಕೆಲಸಕ್ಕೆ ಗಂಡಸಿಗೊಂದು ಕೂಲಿ, ಹೆಂಗಸಿಗೊಂದು ಕೂಲಿ ಕೊಡುವಂತಿಲ್ಲ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಕ್ರೆಷ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಇರಬೇಕು.

ಸಂಬಳ ಚೀಟಿ ತಪ್ಪದೆ ಪಡೆಯಿರಿ. ಅದರಲ್ಲಿ ಪಿ.ಎಫ್. ಮತ್ತು ಇ.ಎಸ್.ಐ. ಹಿಡಿದದ್ದು ಕಾಣಬೇಕು. ಇ.ಎಸ್.ಐ.ಗೆ ನಿಮ್ಮಿಂದ ಹಿಡಿಯುವುದು ನೂರು ರೂಪಾಯಿಗೆ 75 ಪೈಸೆ, ಮಾಲೀಕರು ಹಾಕುವುದು 3 ರೂಪಾಯಿ 25 ಪೈಸೆ. ಇದರಿಂದ ನಿಮಗೂ ಮನೆಯವರಿಗೂ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಪಿ.ಎಫ್.ಗೆ ನಿಮ್ಮದೊಂದು ಯು.ಎ.ಎನ್. ನಂಬರ್ ಇರುತ್ತದೆ. ಕಾರ್ಖಾನೆ ಬದಲಾದರೂ ಅದೇ ನಂಬರ್ ಕೊಡಿ. ಪ್ರತಿ ಸಲ ಹೊಸ ನಂಬರ್ ಮಾಡಿಸಿದರೆ ದುಡ್ಡು ಅಲ್ಲಲ್ಲಿ ಚದುರಿ ತೆಗೆಯಲು ಪರದಾಡಬೇಕಾಗುತ್ತದೆ.

ಕಟ್ಟಡ ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆರಿಗೆ, ಮಕ್ಕಳ ಓದು, ಚಿಕಿತ್ಸೆ, ಅಪಘಾತಕ್ಕೆ ಮಂಡಳಿಯಿಂದ ಸಹಾಯಧನ ಉಂಟು. ಗಂಡನ ಹೆಸರಲ್ಲಿ ಕಾರ್ಡ್ ಇದ್ದರೆ ಸಾಕು ಅನ್ನಬೇಡಿ. ಜಲ್ಲಿ ಹೊರುವವರು ನೀವೂ ತಾನೇ, ನಿಮ್ಮ ಹೆಸರಲ್ಲೂ ಇರಲಿ. ಕೆಲಸ ಮಾಡಿದ ದಿನ, ಬಂದ ಕೂಲಿ, ಬಾಕಿ ಎಷ್ಟು ಎಂದು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ.

ಮನೆಗೆಲಸಕ್ಕೆ ಸೇರುವವರು ಮೊದಲೇ ಮಾತಾಡಿ: ಪಾತ್ರೆ, ಬಟ್ಟೆ, ನೆಲ ಒರೆಸುವುದು ಯಾವುದು ಸೇರಿದೆ, ತಿಂಗಳಿಗೆ ಎಷ್ಟು ರಜೆ, ಸಂಬಳ ಯಾವ ತಾರೀಖು. ‘ಅಕ್ಕಾ, ಇದೊಂದು ಮಾಡ್ಬಿಡಿ’ ಎಂದು ದಿನಾ ಒಂದೊಂದು ಕೆಲಸ ಸೇರಿಸಿದರೆ ಸಂಬಳವೂ ಸೇರಬೇಕು ಎಂದು ಹೇಳಲು ನಾಚಬೇಡಿ.

ಕೆಲಸದ ಜಾಗದಲ್ಲಿ ಮೈಮುಟ್ಟುವುದು, ಕೆಟ್ಟ ಮಾತಾಡುವುದು ಯಾರೇ ಮಾಡಿದರೂ ಅದು ನಿಮ್ಮ ತಪ್ಪಲ್ಲ. 2013ರ ಕಾಯ್ದೆ ಪ್ರಕಾರ 10 ಮತ್ತು ಹೆಚ್ಚು ಜನ ಇರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೇಳಬಹುದು. ಮೂರು ತಿಂಗಳೊಳಗೆ ದೂರು ಕೊಡಬೇಕು.

ಮಕ್ಕಳ ಶಾಲೆ ತಪ್ಪಿಸಬೇಡಿ

ಮಕ್ಕಳನ್ನು ಜೊತೆಗೆ ಕರಕೊಂಡು ಹೋದರೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಟಿ.ಸಿ. ಬರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ಮಧ್ಯದಲ್ಲೂ ಸೇರಿಸಬಹುದು. ಸಣ್ಣವರನ್ನು ಅಂಗನವಾಡಿಗೆ ಕಳಿಸಿ. ದೊಡ್ಡ ಮಗಳನ್ನು ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಕೂರಿಸಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಸಂಘ ಬಿಡಬೇಡಿ

ಹೊರಡುವಾಗ ಸಂಘಕ್ಕೆ ಹೇಳದೆ ಹೋಗುವುದು, ಆಮೇಲೆ ಕಂತು ನಿಂತು ಉಳಿದವರ ತಲೆಮೇಲೆ ಬೀಳುವುದು ಆಗಬಾರದು. ಸಭೆಯಲ್ಲಿ ಹೇಳಿ, ಎಷ್ಟು ತಿಂಗಳು ಹೋಗುತ್ತೀರಿ, ಉಳಿತಾಯ ಮತ್ತು ಸಾಲದ ಕಂತು ಹೇಗೆ ಕಳಿಸುತ್ತೀರಿ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ದುಡ್ಡನ್ನು ಸಂಘದ ಬ್ಯಾಂಕ್ ಖಾತೆಗೇ ಹಾಕಿ, ಯಾರದೋ ಸ್ವಂತ ಖಾತೆಗೆ ಬೇಡ. ಸಂಘದವರೂ ಹೋದವಳನ್ನು ಲೆಕ್ಕದಿಂದ ತೆಗೆಯಬೇಡಿ. ವಾರಕ್ಕೊಮ್ಮೆ ಫೋನ್ ಮಾಡಿ. ಊರಲ್ಲಿ ಉಳಿದ ಅವಳ ಅತ್ತೆ, ಮಕ್ಕಳ ಕಡೆ ಒಂದು ಕಣ್ಣಿಡಿ.

ಈ ನಂಬರುಗಳನ್ನು ಬರೆದಿಟ್ಟುಕೊಳ್ಳಿ

ತುರ್ತು ಸಹಾಯ, ಪೊಲೀಸ್: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಕಾರ್ಮಿಕ ಸಹಾಯವಾಣಿ: 155214

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಿಂದ ಈ ವರ್ಷ ಯಾರು ಯಾರು ಗುಳೆ ಹೋಗಲಿದ್ದಾರೆ? ಅವರ ರೇಷನ್ ಕಾರ್ಡ್, ಇ-ಶ್ರಮ್ ಸರಿ ಇದೆಯಾ?
2. ಮನೆ ಅಡ್ವಾನ್ಸಿಗೆಂದು ಸಂಘದಿಂದ ಸಾಲ ಕೊಡಲು ಏನು ನಿಯಮ ಮಾಡೋಣ?
3. ಮೊದಲೇ ಹೋಗಿ ಬಂದ ಸಹೋದರಿಯರು ಯಾವ ಕೆಲಸದ ಜಾಗ, ಯಾವ ಬೀದಿ ಒಳ್ಳೆಯದು ಅನ್ನುತ್ತಾರೆ? ಅವರಿಂದಲೇ ಕೇಳಿ ಬರೆದಿಡಿ. ಹೊಸದಾಗಿ ಹೋಗುವವಳಿಗೆ ಆ ಕಾಗದದ ಒಂದು ಪ್ರತಿ ಕೊಟ್ಟು ಕಳಿಸಿ.